ಅಲಗಿನ ಮೇಲಿನ ಹೆಸರು

ಮಾರ್ಚ್ ೪, ಸೋಮವಾರ

ಈ ಪುಸ್ತಕ ತಂದದ್ದು ಬ್ಯಾಂಡಿನವರ ಅಳತೆ ಬರೆದುಕೊಳ್ಳಲು. ಮುಂದಿನಿಂದ ಅವರ ಅಳತೆ, ಹಿಂದಿನಿಂದ ನನ್ನ ಗೋಳು. ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ರಂಪವಾಗುತ್ತದೆ, ಹೇಳದಿದ್ದರೆ ನನ್ನ ತಲೆ ಸಿಡಿಯುತ್ತದೆ. ಅದಕ್ಕೆ ಈ ದಾರಿ.

ಮಾವ ಬಂದು ತಿಂಗಳ ಮೇಲಾಯಿತು. ಅವರಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಿದ್ದಾರೆ. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಸುರುಳಿಯೊಳಗೊಂದು ಕತ್ತಿ. ಬೇರೆಯವರ ಮಾವಂದಿರು ಮಂಡಿನೋವಿನ ಎಣ್ಣೆ ತರುತ್ತಾರೆ. ನಮ್ಮ ಮಾವ ಅದನ್ನೂ ತಂದರು.

ನನ್ನ ಹೊಲಿಗೆ ಕೋಣೆ ಈಗ ಅವರ ಕೋಣೆ. ಮೆಷಿನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ನಿಂತಿದೆ. ಮುಖ ತೊಳೆಯಲು ಹೋಗುವವರೆಲ್ಲ ನನ್ನ ಬೆನ್ನು ಸವರಿಕೊಂಡೇ ಹೋಗಬೇಕು. ಈ ಹೊತ್ತಿಗೇ ಬ್ಯಾಂಡ್ ತಂಡದ ಅಷ್ಟೂ ಜನಕ್ಕೆ ಸಮವಸ್ತ್ರ ಹೊಲಿದುಕೊಡಲು ಒಪ್ಪಿಕೊಂಡು ಕೂತಿದ್ದೇನೆ. ಕೆಂಪು ಬಟ್ಟೆಯ ಥಾನು ಫ್ರಿಜ್ಜಿನ ಮೇಲೆ ಮಲಗಿದೆ.

ಮಾವನನ್ನು ಕರೆದುಕೊಂಡು ಹೋಗಲು ನಾದಿನಿ ತಯಾರಿದ್ದಾಳೆ. "ಅಪ್ಪ ಬರಲಿ ಅತ್ತಿಗೆ, ಆದ್ರೆ ಆ ಕತ್ತಿ ಬೇಡ. ಮನೆ ತುಂಬಾ ಚಿಕ್ಕ ಮಕ್ಕಳು" ಎನ್ನುತ್ತಾಳೆ. ಮಾವನದು ಕಡ್ಡಿ ತುಂಡು ಮಾಡಿದ ಹಾಗೆ ಒಂದೇ ಮಾತು: "ಇದು ಯಾರದ್ದು ಅಂತ ಗೊತ್ತಾಗಿ, ಅವರ ಮನೆಯವರ ಕೈಗೆ ಒಪ್ಪಿಸಿದ ಮೇಲೇನೇ ನಾನು ಇಲ್ಲಿಂದ ಏಳೋದು."

ಅಂದರೆ ವಾರಸುದಾರರು ಸಿಕ್ಕರೆ ಕತ್ತಿ ಆಚೆ, ಮಾವ ಆಚೆ, ಮೆಷಿನ್ನು ಒಳಗೆ. ಸರಿ, ನಾನೇ ಹುಡುಕುತ್ತೇನೆ.

ಮಾರ್ಚ್ ೬, ಬುಧವಾರ

ಈ ಕತ್ತಿಯ ಕತೆಯನ್ನು ಮದುವೆಯಾದಾಗಿನಿಂದ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಆದರೂ ಇವತ್ತು ಮೊದಲಿನಿಂದ ಮತ್ತೆ ಕೇಳಿದೆ. ಕೆಲಸಕ್ಕೆ ಬೇಕಲ್ಲ.

ಮಾವನ ತಾತ ದಂಡಿನಲ್ಲಿದ್ದರು. ಯುದ್ಧದಲ್ಲಿ ಶತ್ರುಪಕ್ಷದ ಒಬ್ಬ ಅಧಿಕಾರಿಯನ್ನು ಕೊಂದು ಅವನ ಕತ್ತಿಯನ್ನು ತಂದರು. ಹಿಡಿಯ ಹತ್ತಿರ ಅಲಗಿನ ಮೇಲೆ ಸತ್ತವನ ಹೆಸರು ಕೊರೆದಿದೆ. ಯಾವ ಯುದ್ಧ ಎಂದು ಕೇಳಿದೆ. "ದೊಡ್ಡ ಯುದ್ಧ." ಯಾವ ಸೈನ್ಯ? "ನಮ್ಮದು." ಇಷ್ಟು ಮಾಹಿತಿ ಇಟ್ಟುಕೊಂಡು ವಾರಸುದಾರರನ್ನು ಹುಡುಕಬೇಕು.

"ಕೊಂದೆ ಅಂತ ತಾತ ತಾವೇ ಹೇಳಿದ್ರಾ ಮಾವ?"

"ಕೊಂದವರು ಯಾರಾದ್ರೂ ಬಾಯಿಬಿಟ್ಟು ಹೇಳ್ತಾರೇನಮ್ಮ? ದಿನಾ ಬೆಳಿಗ್ಗೆ ಕತ್ತಿ ಮುಂದೆ ತಲೆ ಬಗ್ಗಿಸಿ ನಿಲ್ತಿದ್ರು. ಚಿಕ್ಕವನಿದ್ದಾಗ ಕೇಳಿದ್ದೆ, ಇವರು ಯಾರು ತಾತ ಅಂತ. 'ಇವರಿಂದಾನೇ ಕಣೋ ನಾವು ಎರಡು ಹೊತ್ತು ಉಣ್ತಿರೋದು' ಅಂದ್ರು. ಒಬ್ಬನ ಪ್ರಾಣ ತೆಗೆದು ಬಂದ ಬಹುಮಾನದಲ್ಲಿ ಉಣ್ಣೋದು ಅಂದ್ರೆ ಸುಮ್ನೇನಾ?"

ಇನ್ನೊಂದು ಸಲ ತಾತ ದಂಡನಾಯಕನ ಕುತ್ತಿಗೆಗೇ ಕೈ ಹಾಕಿದ್ದರಂತೆ. ಅವನು ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತನಂತೆ. ಕೊನೆಗೆ ತಾತನೇ "ಉಸಿರಾಡಿ ಸ್ವಾಮಿ" ಎಂದು ಬಿಟ್ಟುಕೊಟ್ಟರಂತೆ. "ಅಷ್ಟು ದೊಡ್ಡ ಮನಸ್ಸು" ಎಂದರು ಮಾವ.

ಮಾವ ಕೂಡ ತಾತನ ಹಾಗೆ ದಿನಾ ಬೆಳಿಗ್ಗೆ ಕತ್ತಿಯ ಮುಂದೆ ನಿಲ್ಲುತ್ತಾರೆ. ನಿಂತು, ಸತ್ತವನಿಗೆ ಹೇಳುತ್ತಾರೆ: "ತಪ್ಪಾಯ್ತು. ನಮ್ಮ ಮನೆಯವರಿಂದ ನಿಮಗೆ ಅನ್ಯಾಯ ಆಯ್ತು. ಮನಸ್ಸಲ್ಲಿ ಇಟ್ಕೋಬೇಡಿ." ನಮ್ಮವರೂ ನಾದಿನಿಯೂ ಚಿಕ್ಕವರಿದ್ದಾಗ ಆ ಸತ್ತವನನ್ನು ಕತ್ತಿಮಾಮ ಎನ್ನುತ್ತಿದ್ದರಂತೆ. ಈಗ ಕತ್ತಿಮಾಮನೂ ನಮ್ಮ ಮನೆಯಲ್ಲೇ ಇದ್ದಾನೆ.

ವೀರರ ವಂಶ ಎಂಬ ಜಂಬ ಇವರಿಗೆ ಮೂಗಿನ ತುದಿಯಲ್ಲೇ ಇದೆ. ವಂಶದಲ್ಲಿ ಆಮೇಲೆ ಬಂದವರು ಯಾರು? ಮಾವ ಜೀವನವಿಡೀ ಮನೆಮನೆಗೆ ಹೋಗಿ ನೀರಿನ ಮೀಟರು ಓದಿದವರು. ನಮ್ಮವರು ಲಿಫ್ಟ್ ರಿಪೇರಿ ಮಾಡುತ್ತಾರೆ. ದಿನವೆಲ್ಲ ಮೇಲೆ ಕೆಳಗೆ ಹೋಗುತ್ತಾರೆ, ಮನೆಗೆ ಬಂದರೆ ಯಾರ ಕಡೆಗೂ ಹೋಗುವುದಿಲ್ಲ. ಆದರೂ ಗಿರಾಕಿಗಳು ಬಂದರೆ ಮಾವ ಬಾಗಿಲಲ್ಲೇ ಹೇಳುತ್ತಾರೆ, "ಸೊಸೆ ಹೊತ್ತು ಹೋಗದೆ ಹೊಲೀತಾಳೆ. ನಮ್ಮದು ದಂಡಿಗೆ ಹೋದ ಮನೆತನ."

ಹೊಟ್ಟೆ ಉರಿಯುತ್ತದೆ. ನಮ್ಮಪ್ಪ ದರ್ಜಿ. ನನ್ನ ಮದುವೆಗೆ ಬೀಗರಿಗೆಂದು ಕುತ್ತಿಗೆವರೆಗೆ ಗುಂಡಿಯಿರುವ ಒಂದು ಕೋಟು ಹೊಲಿಯಲು ಅಳತೆ ಕೇಳಿದರು. "ದರ್ಜಿ ಕೈಗೆ ಕುತ್ತಿಗೆ ಕೊಡೋ ವಂಶ ಅಲ್ಲ ನಮ್ಮದು" ಎಂದರು ಮಾವ. ಅಪ್ಪ ಎದುರು ಕೂತು, ಮಾತಾಡುತ್ತಲೇ ಕಣ್ಣಲ್ಲೇ ಅಳತೆ ತೆಗೆದುಕೊಂಡು ಬಂದು ಹೊಲಿದರು. ಮದುವೆಯ ದಿನ ಮಾವ ತಮ್ಮ ಹಳೆಯ ಕೋಟನ್ನೇ ಹಾಕಿಕೊಂಡರು. ಅಪ್ಪ ಇಡೀ ದಿನ ಆ ಹಳೆಯ ಕೋಟಿನ ಭುಜವನ್ನೇ ನೋಡುತ್ತಿದ್ದರು. ಈಗ ಅಪ್ಪನೂ ಇಲ್ಲ. ಅಪ್ಪ ಹೊಲಿದ ಆ ಕೋಟನ್ನು ಮಾವ ಯಾರಿಗೆ ದಾನ ಮಾಡಿದರೋ ಗೊತ್ತಿಲ್ಲ.

ಮಾರ್ಚ್ ೯, ಶನಿವಾರ

ನಮ್ಮವರಿಂದ ಮೊದಲ ಸಲ ಒಂದು ಉಪಯೋಗವಾಯಿತು. ವಸ್ತುಸಂಗ್ರಹಾಲಯದ ಲಿಫ್ಟು ಕೆಟ್ಟು, ಶಸ್ತ್ರ ವಿಭಾಗದ ತಜ್ಞರೊಬ್ಬರು ಒಳಗೆ ಸಿಕ್ಕಿಕೊಂಡಿದ್ದರಂತೆ. ಇವರು ಹೋಗಿ ಬಿಡಿಸಿದರು. ಆ ಕೃತಜ್ಞತೆ ಆರುವ ಮೊದಲೇ ಫೋನ್ ನಂಬರು ಇಸಿದುಕೊಂಡು ಬಂದಿದ್ದಾರೆ. ಕುತ್ತಿಗೆಯಲ್ಲಿ ಸದಾ ಭೂತಗನ್ನಡಿ ನೇತುಹಾಕಿಕೊಂಡಿರುತ್ತಾರಂತೆ. ಭೂತಗನ್ನಡಿಯವರು ಎಂದೇ ಬರೆಯುತ್ತೇನೆ.

ಕತ್ತಿಯ ಫೋಟೋ ಕಳಿಸಿದೆ. ತಕ್ಷಣ ಅವರೇ ಫೋನ್ ಮಾಡಿದರು.

"ಅಲಗು ಇಷ್ಟೊಂದು ಹೊಳೀತಿದೆಯಲ್ಲ, ಏನು ಹಾಕಿ ಉಜ್ಜಿದ್ದೀರಿ?"

"ಹಲ್ಲುಪುಡಿ. ಮಾವ ಪ್ರತಿ ಭಾನುವಾರ ಉಜ್ತಾರೆ."

ಫೋನು ಕಟ್ಟಾಯಿತೆಂದುಕೊಂಡೆ. ಆಮೇಲೆ, "ಅಮ್ಮಾ, ದಯವಿಟ್ಟು ನಿಲ್ಲಿಸಿ. ಉಜ್ಜಿ ಉಜ್ಜಿ ಅಕ್ಷರಾನೇ ಅಳಿಸಿದ್ದೀರಿ. ಒರೆ ಇದೆಯಾ? ಒರೆ ಬಹಳ ಹೇಳುತ್ತೆ" ಎಂದರು.

ಒರೆಯನ್ನು ಈವರೆಗೆ ಸರಿಯಾಗಿ ನೋಡಿರಲಿಲ್ಲ. ಮರದ ಮೇಲೆ ಕಪ್ಪು ಚರ್ಮ. ಒಂದು ಪಕ್ಕ ಕಪ್ಪಗೇ ಇದೆ, ಇನ್ನೊಂದು ಪಕ್ಕ ಬಣ್ಣ ಹೋಗಿ ಕಂದಾಗಿದೆ. ಹಿಂಬದಿಯಲ್ಲಿ ಉದ್ದಕ್ಕೂ ಹೊಲಿಗೆ. ಯಾವಾಗಲೋ ಬಿಚ್ಚಿಹೋದದ್ದನ್ನು ಯಾರೋ ಮತ್ತೆ ಹೊಲಿದಿದ್ದಾರೆ. ಯಾರೇ ಆಗಲಿ, ಕೈ ಚೆನ್ನಾಗಿತ್ತು. ಸೂಜಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಎಲ್ಲ ಒಂದೇ ಸಮ, ಗಂಟು ಎಲ್ಲೂ ಕಾಣುವುದಿಲ್ಲ. ಅಪ್ಪನೂ ಹೀಗೇ ಗಂಟನ್ನು ಒಳಗೆ ಅಡಗಿಸುತ್ತಿದ್ದರು.

"ಅದು ಯುದ್ಧದಲ್ಲಿ ಬಿದ್ದ ಏಟು" ಎಂದರು ಮಾವ.

ಮಾರ್ಚ್ ೧೧, ಸೋಮವಾರ

ನಿನ್ನೆ ಭಾನುವಾರ. ಹಲ್ಲುಪುಡಿ ಡಬ್ಬಿಯನ್ನು ನಾನು ಬಚ್ಚಿಟ್ಟಿದ್ದೆ. ಮಾವ ಬಟ್ಟೆ ಚೂರು ಹಿಡಿದುಕೊಂಡು ಮನೆ ತುಂಬಾ ಓಡಾಡಿದರು. ಕೈಗೆ ಕೆಲಸವಿಲ್ಲದಿದ್ದರೆ ಬಾಯಿಗೆ ಕೆಲಸ ಕೊಡುತ್ತಾರೆ: ಮೆಷಿನ್ನಿನ ಸದ್ದು ಹೆಚ್ಚಾಯಿತು, ದಾರದ ಚೂರು ಕಾಲಿಗೆ ಸಿಗುತ್ತದೆ, ಸಮವಸ್ತ್ರದ ಕಾಲರು ಹೀಗಲ್ಲ ಹಾಗೆ. ತಡೆಯಲಾರದೆ ಬ್ಯಾಂಡಿನವರ ಹಳೆಯ ಹಿತ್ತಾಳೆ ಗುಂಡಿಗಳ ಡಬ್ಬ ಎತ್ತಿ ಮುಂದಿಟ್ಟೆ. "ಹೊಸ ಕೋಟಿಗೆ ಇವೇ ಹಾಕ್ಬೇಕು ಮಾವ, ಹಾಳಾಗಿ ಕಪ್ಪಾಗಿವೆ." ಸಂಜೆಗೆ ಅರ್ಧ ಡಬ್ಬ ಗುಂಡಿ ಫಳಫಳ. ಮನೆ ನಿಶ್ಶಬ್ದ.

ಇವತ್ತು ಬ್ಯಾಂಡ್ ಮಾಸ್ತರು ಅಳತೆಗೆ ಬಂದಿದ್ದರು. ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು. "ಉಸಿರಾಡಿ ಸ್ವಾಮಿ, ಆಮೇಲೆ ಗುಂಡಿ ಹಾರಿ ಯಾರ ಕಣ್ಣಿಗಾದ್ರೂ ಬಿದ್ದೀತು" ಎಂದೆ. ಗುಂಡಿ ನೋಡಿ, "ಯಾರು ಉಜ್ಜಿದ್ದು?" ಎಂದು ಬೆರಗಾದರು. ಮಾವ ಗೋಡೆ ನೋಡುತ್ತ ಕೂತಿದ್ದರು. ಮುಖ ಮಾತ್ರ ಅರಳಿತ್ತು.

ಮಾರ್ಚ್ ೧೩, ಬುಧವಾರ

ಅಕ್ಷರ ಓದುವ ಉಪಾಯ ನನಗೇ ಹೊಳೆಯಿತು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ಅಲಗಿನ ಮೇಲೆ ಉದುರಿಸಿ, ಬೆರಳಲ್ಲಿ ತೀಡಿ, ಮೇಲಿನದನ್ನು ಮೆಲ್ಲಗೆ ಒರೆಸಿದೆ. ಕೊರೆದ ಗೆರೆಯಲ್ಲಿ ಮಾತ್ರ ಬಿಳಿ ಉಳಿಯಿತು. ಮೆಷಿನ್ನಿನ ದೀಪ ಬಗ್ಗಿಸಿ ಹಿಡಿದೆ. ಮಾವ ಕನ್ನಡಕ ಒರೆಸಿ ಪಕ್ಕಕ್ಕೆ ಬಂದು ಬಗ್ಗಿದರು.

ಹೆಸರಿನ ಕೊನೆಯ ಅರ್ಧ ಅವರಿಗೆ ಮೊದಲೇ ಗೊತ್ತಿದ್ದದ್ದು. ಅದರ ಪಕ್ಕ, ಉಜ್ಜಿ ಅಳಿಸಿಹೋದ ಜಾಗದಲ್ಲಿ, ಇನ್ನೆರಡು ಪದ ಮೂಡಿದವು. ಮಾವ ಗಟ್ಟಿಯಾಗಿ ಓದಿದರು.

"...ಮತ್ತು ಮಕ್ಕಳು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಮಕ್ಕಳನ್ನೂ?" ಎಂದರು ಮಾವ.

ಮಕ್ಕಳನ್ನೂ ಕೊಂದರು ಎಂದು ನಾನೂ ನಂಬಿದೆ, ಸುಳ್ಳೇಕೆ. ಮಾವ ಅಲ್ಲೇ ನನ್ನ ಸ್ಟೂಲಿನ ಮೇಲೆ ಕುಸಿದು ಕೂತರು. ನಾನು ನಿಂತುಕೊಂಡೇ ಕಾಲರು ಗಟ್ಟಿಯಾಗಿ ನಿಲ್ಲಿಸುವ ಬಕ್ರಮ್ ಬಟ್ಟೆ ಕತ್ತರಿಸಿದೆ. ಫೋಟೋ ಕಳಿಸಿದ್ದಕ್ಕೆ ಭೂತಗನ್ನಡಿಯವರಿಂದ ಒಂದೇ ಸಾಲು ಬಂತು: ಮುಂದಿನ ಗುರುವಾರ ಕತ್ತಿ, ಒರೆ ಎರಡನ್ನೂ ತನ್ನಿ.

ಮಾರ್ಚ್ ೧೪, ಗುರುವಾರ

ಬೆಳಿಗ್ಗೆ ಕತ್ತಿಯ ಮುಂದೆ ಮಾವನ ಮಾತು ಬದಲಾಗಿದೆ. "ನಿಮಗೂ, ನಿಮ್ಮ ಮಕ್ಕಳಿಗೂ ಅನ್ಯಾಯ ಆಯ್ತು." ಮಕ್ಕಳು ಎನ್ನುವಾಗ ದನಿ ಒಡೆಯಿತು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಚಹಾ ಆರಿಹೋಯಿತು. ಅವರಿಗೆ ಸಕ್ಕರೆ ಒಂದು ಚಮಚ ಜಾಸ್ತಿ ಬೇಕು, ನಾದಿನಿಯ ಮನೆಯಲ್ಲಿ ಸಕ್ಕರೆಯನ್ನೇ ಹಾಕುವುದಿಲ್ಲ. ಅದು ಅವರ ಪಾಡು, ನನಗೇನು.

ಮಾರ್ಚ್ ೧೬, ಶನಿವಾರ

ಅಯ್ಯೋ ದೇವರೇ. ನಾನೆಂಥ ಪೆದ್ದಿ!

ಕೆಂಪು ದಾರ ಮುಗಿದಿತ್ತು, ದಾರದ ಅಂಗಡಿಗೆ ಹೋದೆ. ಮೆಟ್ಟಿಲ ಮೇಲೆ ನಿಂತು ತಲೆ ಎತ್ತಿದರೆ ಬೋರ್ಡು: ದೊಡ್ಡ ಅಕ್ಷರದಲ್ಲಿ ಅಂಗಡಿಯ ಅಜ್ಜನ ಹೆಸರು, ಪಕ್ಕದಲ್ಲಿ "ಮತ್ತು ಮಕ್ಕಳು". ಇಷ್ಟು ವರ್ಷದಿಂದ ಈ ಬೋರ್ಡಿನ ಕೆಳಗೇ ದಾರ ಕೊಳ್ಳುತ್ತಿದ್ದೇನೆ. ಒಳಗೆ ಆ ಮಕ್ಕಳು ಜೀವಂತವಾಗಿ ಗಿರಾಕಿಗಳ ಜೊತೆ ಜಗಳವಾಡುತ್ತಿದ್ದರು.

ಅದು ಸತ್ತವನ ಹೆಸರಲ್ಲ. ಯಾವುದೋ ಅಂಗಡಿ!

ಬರುವ ದಾರಿಯಲ್ಲಿ ಒಂದೊಂದೇ ಬಿಚ್ಚಿಕೊಂಡಿತು. ಇವರಿಂದಾನೇ ನಾವು ಉಣ್ತಿರೋದು ಎಂದರೆ ಕೆಲಸ ಕೊಟ್ಟ ಧಣಿ. ದಂಡನಾಯಕನ ಕುತ್ತಿಗೆ, ಉಸಿರಾಡಿ ಸ್ವಾಮಿ! ಒರೆಯ ಮೇಲಿನ ಆ ಹೊಲಿಗೆ! ಬೀದಿಯಲ್ಲೇ ನಕ್ಕುಬಿಟ್ಟೆ. ಎದುರಿಗೆ ಬರುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆ ತಾತ ದರ್ಜಿ. ದರ್ಜಿ! ದಂಡಿಗೆ ಹೋದ ಮನೆತನವಂತೆ. ಹೋಗಿದ್ದು ಟೇಪು ಹಿಡಿದುಕೊಂಡು!

ಇವತ್ತು ರಾತ್ರಿ ಊಟದ ಹೊತ್ತಿಗೆ, ನಮ್ಮವರ ಎದುರಿಗೇ ಹೇಳುತ್ತೇನೆ. ಅಪ್ಪನ ಕೋಟಿಗೂ ಸೇರಿಸಿ ಹೇಳುತ್ತೇನೆ. ಏನು ಹೇಳಬೇಕೆಂದು ಸೊಪ್ಪು ಬಿಡಿಸುವಾಗ ಎರಡು ಸಲ ಅಭ್ಯಾಸವನ್ನೂ ಮಾಡಿದ್ದೇನೆ.

ಮಾರ್ಚ್ ೧೭, ಭಾನುವಾರ

ಹೇಳಲಿಲ್ಲ. ಮಾವ ನಾಲ್ಕು ದಿನದ ಮೇಲೆ ತಟ್ಟೆಯ ಮುಂದೆ ಸರಿಯಾಗಿ ಕೂತಿದ್ದರು. ಉಣ್ಣುವವರ ಬಾಯಿಗೆ ಮಾತು ಹಾಕಬಾರದು ಎಂದು ಸುಮ್ಮನಾದೆ. ಅಲ್ಲದೆ ನನಗೇನೂ ಪೂರ್ತಿ ಗೊತ್ತಿಲ್ಲ, ತಿಳಿದವರು ಹೇಳಲಿ. ನಾನು ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದೆ ಎನ್ನುತ್ತಾರೆ.

ಮೆಷಿನ್ನಿನ ಬೆಲ್ಟು ಹರಿಯಿತು.

ಮಾರ್ಚ್ ೨೧, ಗುರುವಾರ

ಕತ್ತಿಯನ್ನು ಹಳೆಯ ಪರದೆಯಲ್ಲಿ ಸುತ್ತಿ, ಎರಡೂ ತುದಿಗೆ ದಾರ ಕಟ್ಟಿ ಬಸ್ಸು ಹತ್ತಿದೆ. ಮಂಡಿ ನೋವೆಂದು ಮಾವ ಬರಲಿಲ್ಲ. ಬಾಗಿಲವರೆಗೂ ಬಂದು, "ಅವರ ಮನೆಯವರಲ್ಲಿ ಯಾರಾದ್ರೂ ಉಳಿದಿದ್ದಾರಾ ಅಂತ ಕೇಳು. ಒಬ್ಬರಾದ್ರೂ ಉಳಿದಿದ್ದಾರಾ ಕೇಳು" ಎಂದು ಎರಡೆರಡು ಸಲ ಹೇಳಿದರು. ಕಂಡಕ್ಟರು ಏನಮ್ಮಾ ಇದು ಎಂದ. ಪರದೆ ಕೋಲು ಎಂದೆ. ಪರದೆ ಕಾಣುತ್ತಿತ್ತು, ನಂಬಿದ.

ಶಸ್ತ್ರ ವಿಭಾಗ ನೆಲಮಾಳಿಗೆಯಲ್ಲಿದೆ. ಭೂತಗನ್ನಡಿಯವರು ಕೈಗವಸು ಹಾಕಿಕೊಂಡು, ಮಗುವಿನ ಸ್ನಾನಕ್ಕೆ ಟವೆಲ್ ಹಾಸುವ ಹಾಗೆ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಕತ್ತಿ ಮಲಗಿಸಿದರು. ಮೊದಲು ಬೆರಳನ್ನು ಅಂಚಿನುದ್ದಕ್ಕೂ ಎಳೆದರು. ನಾನು ಕಣ್ಣು ಮುಚ್ಚಿಕೊಂಡೆ.

"ಹೆದರಬೇಡಿ ಅಮ್ಮ, ಇದಕ್ಕೆ ಸಾಣೆ ಹಿಡಿದೇ ಇಲ್ಲ. ಯುದ್ಧಕ್ಕೆ ಹೊರಡೋ ಮುಂಚೆ ಹಿಡಿಸ್ತಿದ್ರು. ಇದು ಯಾವ ಯುದ್ಧಾನೂ ನೋಡಿಲ್ಲ."

ಉಳಿದದ್ದು ನಾನು ಊಹಿಸಿದ ಹಾಗೇ. ಆ ಕಾಲದಲ್ಲಿ ಅಧಿಕಾರಿಗಳು ಸಮವಸ್ತ್ರ, ಕತ್ತಿ ಎಲ್ಲವನ್ನೂ ತಾವೇ ಮಾಡಿಸಿಕೊಳ್ಳಬೇಕಿತ್ತು. ದಂಡಿನ ಪಕ್ಕದಲ್ಲಿ ಅಂಗಡಿ ಇಟ್ಟಿದ್ದ ದೊಡ್ಡ ದರ್ಜಿಗಳೇ ಕತ್ತಿ ತರಿಸಿ, ಅಲಗಿನ ಮೇಲೆ ಅಂಗಡಿಯ ಹೆಸರು ಕೊರೆಸಿ ಮಾರುತ್ತಿದ್ದರು. ಕೊಂಡವನ ಹೆಸರಿಗೆ ಅಲಗಿನ ಇನ್ನೊಂದು ಪಕ್ಕ ಜಾಗ ಬಿಡುತ್ತಿದ್ದರು. ನಮ್ಮ ಕತ್ತಿಯಲ್ಲಿ ಆ ಜಾಗ ಖಾಲಿ.

"ಅಂದ್ರೆ ಮಾರಾಟಾನೇ ಆಗಿಲ್ವಾ?"

"ಮಾರೋಕೆ ಇಟ್ಟಿದ್ದಲ್ಲ ಅನ್ಸುತ್ತೆ. ಒರೆ ನೋಡಿ, ಒಂದೇ ಪಕ್ಕ ಬಣ್ಣ ಹೋಗಿದೆ. ಅಂಗಡಿ ಮುಂದಿನ ಗಾಜಿನೊಳಗೆ ಬಿಸಿಲಿಗೆ ಮುಖ ಮಾಡಿ ವರ್ಷಗಟ್ಟಲೆ ನಿಲ್ಸಿದ್ದಾರೆ. ಒರೆಯ ತುದೀನೂ ಸವೆದಿಲ್ಲ, ಸೊಂಟಕ್ಕೆ ಕಟ್ಟಿ ಒಬ್ಬರೂ ನಡೆದಿಲ್ಲ. ಅಂಗಡಿ ಮುಚ್ಚಿದಾಗ ಹಳೆ ಕೆಲಸಗಾರರಿಗೆ ಇಂಥದ್ದು ಕೊಟ್ಟು ಕಳಿಸ್ತಿದ್ರು."

ಅಂಗಡಿಯವರ ಕಡೆ ಯಾರಾದರೂ ಉಳಿದಿದ್ದಾರಾ ಎಂದು ಮಾವ ಹೇಳಿಕೊಟ್ಟ ಹಾಗೆ ಕೇಳಿದೆ. ಬಾಗಿಲು ಹಾಕಿ ಯಾವ ಕಾಲವಾಯಿತೋ, ಎಲ್ಲಿಗೆ ಹೋದರೋ ಎಂದರು. ಸಂಗ್ರಹಾಲಯಕ್ಕಾದರೂ ಬೇಕಾ ಎಂದೆ. ಕಪಾಟು ತೆಗೆದು ತೋರಿಸಿದರು. ಇಂಥವು ಸಾಲಾಗಿ ಮಲಗಿದ್ದವು. "ನೀವೇ ಇಟ್ಕೊಳ್ಳಿ. ಹಲ್ಲುಪುಡಿ ಮಾತ್ರ ಬೇಡ."

ಬಸ್ಸಲ್ಲಿ ಬರುವಾಗ ಹೇಗೆ ಹೇಳಬೇಕೆಂದು ಮತ್ತೆ ಅಭ್ಯಾಸ ಮಾಡಿದೆ. ಸರಿಬರಲಿಲ್ಲ. ಮಾವ ಬಾಗಿಲಲ್ಲೇ ನಿಂತಿದ್ದರು. "ಇನ್ನೂ ನೋಡ್ತಿದ್ದಾರೆ ಮಾವ, ಹೇಳ್ತಾರಂತೆ" ಎಂದುಬಿಟ್ಟೆ. ಸುಸ್ತಾಗಿತ್ತು, ಅದಕ್ಕೇ.

ಮಾರ್ಚ್ ೨೨, ಶುಕ್ರವಾರ

ಮೆಷಿನ್ನಿನ ಕೆಳದಾರ ಸುತ್ತಿಡುವ ಬಾಬಿನ್ ಕೇಸು ಕಳೆದುಹೋಗಿತ್ತು. ಮಾವ ಓಣಿಯಲ್ಲಿ ಮಂಡಿಯೂರಿ ಹುಡುಕಿಕೊಟ್ಟರು. ಮಂಡಿಯಂತೂ ಅವರದು ಮೊದಲೇ ಅಷ್ಟಕ್ಕಷ್ಟೆ. ಬೈದು ಎಬ್ಬಿಸಿದೆ. ಕತ್ತಿಯ ಸುದ್ದಿ ಹೇಳಲಿಲ್ಲ.

ಮಾರ್ಚ್ ೨೪, ಭಾನುವಾರ

ಹೇಳಿದೆ.

ಹೇಳುವ ಯೋಚನೆ ಇರಲಿಲ್ಲ. ಬೆಳಿಗ್ಗೆ ಚಹಾ ಹಿಡಿದು ಹೋದಾಗ ಮಾವ ಕತ್ತಿಯ ಮುಂದೆ ನಿಂತಿದ್ದರು. ತಪ್ಪಾಯ್ತು ಎಂಬಲ್ಲಿಗೆ ಬಂದು, ಮುಂದೆ ಹೋಗಲಾರದೆ, ಅಲ್ಲೇ ಅಳುತ್ತಿದ್ದರು. ಎಷ್ಟೋ ವರ್ಷದಿಂದ ಮೀಟರು ಓದಿದ ಹಾಗೆ ಹೇಳಿಕೊಂಡು ಬಂದ ಮಾತು. ಮಕ್ಕಳು ಸೇರಿಕೊಂಡ ಮೇಲೆ ಅವರಿಂದ ಆಗುತ್ತಿಲ್ಲ. ಚಹಾ ಕೆಳಗಿಟ್ಟೆ.

"ಮಾವ, ತಾತ ಯಾರನ್ನೂ ಕೊಂದಿಲ್ಲ" ಎಂದೆ.

ಅಭ್ಯಾಸ ಮಾಡಿದ್ದೇ ಬೇರೆ, ಬಾಯಿಗೆ ಬಂದದ್ದು ಇದು.

ಕೂರಿಸಿ ಎಲ್ಲ ಹೇಳಿದೆ. ಸಾಣೆ ಹಿಡಿಯದ ಅಂಚು, ಖಾಲಿ ಬಿಟ್ಟ ಜಾಗ, ಬಿಸಿಲಿಗೆ ಕಂದಿದ ಒರೆ. ಮಾವ ಎಲ್ಲಕ್ಕೂ ತಲೆಯಾಡಿಸುತ್ತ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಮಕ್ಕಳು?"

"ಮಕ್ಕಳು ಅಂಗಡಿ ನೋಡ್ಕೊಂಡ್ರು ಮಾವ. ಚೆನ್ನಾಗೇ ಇದ್ರು."

"ಚೆನ್ನಾಗಿದ್ರಾ?"

"ಬೋರ್ಡಿಗೆ ಹೆಸರು ಹಾಕಿಸ್ಕೊಂಡಿದ್ರಲ್ಲ, ಚೆನ್ನಾಗಿರದೆ ಏನು?"

ಉಸ್ ಎಂದು ಒಂದು ಉಸಿರು ಬಿಟ್ಟರು. ಚಿಕ್ಕವರಿದ್ದಾಗಿನಿಂದ ಹಿಡಿದುಕೊಂಡಿದ್ದನ್ನೆಲ್ಲ ಬಿಟ್ಟ ಹಾಗಿತ್ತು. ಆಮೇಲೆ, "ಮತ್ತೆ ತಾತ ಅಲ್ಲಿ ಏನು ಮಾಡ್ತಿದ್ರು?" ಎಂದರು.

ಇದೇ ಸಮಯಕ್ಕೆ ತಾನೇ ನಾನು ಕಾದಿದ್ದು. ಆದರೆ ಚಹಾ ಲೋಟವನ್ನು ಅವರ ಕಡೆ ಸರಿಸಿದೆ.

"ನಮ್ಮಪ್ಪ ಮಾಡ್ತಿದ್ದ ಕೆಲಸ" ಎಂದೆ.

ಮಾವ ಎದ್ದು ಟ್ರಂಕು ತೆಗೆದರು. ತಳದಲ್ಲಿದ್ದ ಒಂದು ಗಂಟನ್ನು ಬಿಚ್ಚಿ ನನ್ನ ಮುಂದಿಟ್ಟರು. ಕತ್ತರಿ. ದಪ್ಪ ಬಟ್ಟೆ ಕತ್ತರಿಸುವ, ಹಿಡಿ ಬಾಗಿದ ದೊಡ್ಡ ಕತ್ತರಿ. ಅಪ್ಪನ ಹತ್ತಿರವೂ ಇಂಥದ್ದೇ ಇತ್ತು. ತಿರುಪಿನ ಪಕ್ಕದಲ್ಲಿ ಅದೇ ಅಂಗಡಿಯ ಹೆಸರು, ಒಂದಕ್ಷರವೂ ಅಳಿಸದೆ, ಮತ್ತು ಮಕ್ಕಳು ಸಮೇತ. ಇದನ್ನು ಯಾರೂ ಉಜ್ಜಿರಲಿಲ್ಲ.

"ತಾತನದು. ಕುದುರೆ ಜೂಲು ಕತ್ತರಿಸೋದು ಅಂತ ತಿಳ್ಕೊಂಡಿದ್ದೆ" ಎಂದರು ಮಾವ.

ನಾನು ನಗಲಿಲ್ಲ. ಯಾಕೆ ನಗಲಿಲ್ಲವೋ ಗೊತ್ತಿಲ್ಲ, ಈಗ ಬರೆಯುವಾಗ ನಗು ಬರುತ್ತಿದೆ.

ಮಾರ್ಚ್ ೨೫, ಸೋಮವಾರ

ಮಾವ ಇಡೀ ದಿನ ಕೋಣೆ ಬಿಟ್ಟು ಬರಲಿಲ್ಲ. ಊಟ ಒಳಗೇ ಕೊಟ್ಟೆ. ತಟ್ಟೆ ಖಾಲಿಯಾಗಿ ಬಂತು. ಕತ್ತಿ ಗೋಡೆಗೆ ಒರಗಿ ನಿಂತಿದೆ. ಪಾಪ, ಅದಕ್ಕೆ ಇನ್ನು ಕತ್ತಿಮಾಮನೂ ಇಲ್ಲ.

ಸಂಜೆ ನಾದಿನಿ ಫೋನ್ ಮಾಡಿದಳು. ಅವಳ ಅಣ್ಣ ಎಲ್ಲ ಹೇಳಿಬಿಟ್ಟಿದ್ದಾರೆ. "ಅತ್ತಿಗೆ, ಅದು ಹರಿತಾನೇ ಇಲ್ವಂತಲ್ಲ! ಹಂಗಿದ್ರೆ ಕತ್ತಿ ಸಮೇತ ಬರಲಿ. ಈ ಭಾನುವಾರ ಕರ್ಕೊಂಡು ಹೋಗ್ಲಾ?"

ಈ ಭಾನುವಾರ ಆಗುವುದಿಲ್ಲ ಎಂದೆ. ಬ್ಯಾಂಡಿನವರ ಗುಂಡಿ ಇನ್ನೂ ಅರ್ಧ ಡಬ್ಬ ಉಳಿದಿವೆ, ಉಜ್ಜುವವರು ಯಾರು? ಅದಾದ ಮೇಲೆ ನೋಡೋಣ ಎಂದೆ. ಬ್ಯಾಂಡ್ ಮಾಸ್ತರು ಟೋಪಿಯ ಬಿಲ್ಲೆಗಳನ್ನೂ ತಂದುಕೊಡುತ್ತೇನೆ ಎಂದಿದ್ದಾರೆ. ಕೆಲಸ ಕೆಲಸವೇ, ಅದರಲ್ಲಿ ದಾಕ್ಷಿಣ್ಯ ಸಲ್ಲದು.

ಮಾರ್ಚ್ ೨೬, ಮಂಗಳವಾರ

ಬೆಳಿಗ್ಗೆ ಕೋಣೆಯಿಂದ ದಿನದ ದನಿ ಕೇಳಲಿಲ್ಲ. ನಾನು ಓಣಿಯಲ್ಲಿ ಕೂತು ಕಾಲರು ಹೊಲಿಯುತ್ತಿದ್ದೆ. ತಾತನ ಕತ್ತರಿ ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸುತ್ತದೆ, ಎಂಥ ಉಕ್ಕು! ಬಟ್ಟೆಯ ಮೇಲೆ ನೆರಳು ಬಿತ್ತು.

"ಬೆಳಕಿಗೆ ಅಡ್ಡ ಬಂದಿದ್ದೀರಿ ಮಾವ" ಎಂದೆ, ತಲೆ ಎತ್ತದೆ.

ನೆರಳು ಸರಿಯಲಿಲ್ಲ. ಮೆಷಿನ್ನು ನಿಲ್ಲಿಸಿದೆ.

"ತಪ್ಪಾಯ್ತು" ಎಂದರು ಮಾವ. "ನಮ್ಮ ಮನೆಯವರಿಂದ ನಿಮಗೆ ಅನ್ಯಾಯ ಆಯ್ತು. ಮನಸ್ಸಲ್ಲಿ ಇಟ್ಕೋಬೇಡಿ."

ಕತ್ತಿಗೆ ಹೇಳುತ್ತಿದ್ದ ಅದೇ ಮಾತು, ಅದೇ ದನಿ. ನನ್ನನ್ನು ಅವರು ಯಾವತ್ತೂ ನೀನು ಎನ್ನುವವರು. ಆದ್ದರಿಂದ ನನಗೆ ಹೇಳಿದ್ದಲ್ಲ.

ತಲೆ ಎತ್ತಿ ನೋಡಿದೆ. ಅಪ್ಪ ಹೊಲಿದ ಕೋಟು ಹಾಕಿಕೊಂಡು ನಿಂತಿದ್ದರು.

ಮಡಿಕೆಯ ಗೆರೆ ಹಾಗೇ ಇದೆ, ಟ್ರಂಕಿನಿಂದ ಆಚೆ ಬಂದದ್ದು ಇದೇ ಮೊದಲು. ದಾನ ಮಾಡಿರಲಿಲ್ಲ. ಮಾವ ಇಳಿದುಹೋಗಿದ್ದಾರೆ, ತೋಳು ಬೆರಳಿನವರೆಗೆ ಬರುತ್ತದೆ, ಕಾಲರಿನೊಳಗೆ ಕುತ್ತಿಗೆ ಓಲಾಡುತ್ತದೆ. ಆದರೆ ಭುಜ? ಟೇಪು ಮುಟ್ಟಿಸದೆ, ಎದುರು ಕೂತು ಕಣ್ಣಲ್ಲೇ ಅಳೆದ ಭುಜ ಒಂದು ನೂಲೂ ಆಚೀಚೆ ಇಲ್ಲ. ನೋಡಿದಿರಾ ಅಪ್ಪ, ಕೂತಿದೆ. ನನಗೆ ಅಳು ಬಂತು. ಸೂಜಿ ಕಾಣಲಿಲ್ಲ.

"ತೋಳು ಉದ್ದ ಆಗಿದೆ" ಎಂದೆ ಕೊನೆಗೆ. "ಕಾಲರೂ ಸಡಿಲ. ಹಿಂಗೇ ಹಾಕ್ಕೊಂಡು ಓಡಾಡಿದ್ರೆ ನಮ್ಮಪ್ಪನ ಮಾನ ಹೋಗುತ್ತೆ. ಅಳತೆ ಕೊಡಿ, ಸರಿ ಮಾಡಿಕೊಡ್ತೀನಿ."

ಮಾವ ಗಲ್ಲ ಮೇಲೆತ್ತಿದರು. ನಾನು ಸ್ಟೂಲಿನಿಂದ ಎದ್ದು ಕುತ್ತಿಗೆಗೆ ಟೇಪು ಸುತ್ತಿದೆ. ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತುಬಿಟ್ಟರು.

"ಉಸಿರಾಡಿ ಮಾವ" ಎಂದೆ.

ಅಳತೆಯನ್ನು ಪುಸ್ತಕದ ಮುಂಭಾಗದಲ್ಲಿ ಬರೆದುಕೊಂಡಿದ್ದೇನೆ.